18 ದಾಟಿದ ಮೇಲೆ ಅಪ್ಪ ಕೊಡದ ಜೀವನಾಂಶದ ಬಾಕಿ ಕೇಳಬಹುದಾ?

ರೊಟ್ಟಿಮನೆ ಮಗಳು
ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ನನಗೆ ಈಗ 20, ನರ್ಸಿಂಗ್ ಓದುತ್ತಿದ್ದೇನೆ. ನಾನು ನಾಲ್ಕು ವರ್ಷದವಳಿದ್ದಾಗ, 2009ರಲ್ಲಿ, ಕೋರ್ಟು ಅಪ್ಪನಿಗೆ ತಿಂಗಳಿಗೆ ನನಗೆ 1,500, ಅವ್ವನಿಗೆ 1,000 ರೂಪಾಯಿ ಕೊಡಬೇಕು ಅಂತ ದಂಡ ಪ್ರಕ್ರಿಯಾ ಸಂಹಿತೆಯ (CrPC) 125ನೇ ಕಲಂನಲ್ಲಿ ಆದೇಶ ಮಾಡಿತ್ತು. ಎರಡು ವರ್ಷ ಮನಿ ಆರ್ಡರ್ ಬಂತು. ಆಮೇಲೆ ನಿಂತಿತು. ಅವ್ವ ಮತ್ತೆ ಕೋರ್ಟಿಗೆ ಹೋಗಲಿಲ್ಲ, ಹೋಗೋಕೆ ಪುರುಸೊತ್ತೂ ಇರಲಿಲ್ಲ. ನಸುಕಿನಲ್ಲೇ ಎದ್ದು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಅದರಲ್ಲೇ ನನ್ನನ್ನು ಇಲ್ಲಿಯವರೆಗೆ ಓದಿಸಿದ್ದಾಳೆ.

ಅಪ್ಪ ಸರ್ಕಾರಿ ನೌಕರ. ಪಕ್ಕದ ಜಿಲ್ಲೆಯಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾರೆ. ಡೈವರ್ಸ್ ಆಗಿಲ್ಲ. ಇನ್ನೆರಡು ವರ್ಷಕ್ಕೆ ನಿವೃತ್ತಿ ಅಂತ ಕೇಳಿದೆ.

ಮೊನ್ನೆ ಟ್ರಂಕು ತೆಗೆದಾಗ ಆ ಮನಿ ಆರ್ಡರಿನ ಚೀಟಿಗಳು ಸಿಕ್ಕವು. ಅವ್ವ ಎಲ್ಲವನ್ನೂ ದಾರ ಹಾಕಿ ಕಟ್ಟಿಟ್ಟಿದ್ದಾಳೆ. ಜೊತೆಗೆ ನನ್ನ ಒಂದನೇ ತರಗತಿಯ ನೋಟ್‌ಬುಕ್ಕು. ಅದರ ಹಿಂದಿನ ಹಾಳೆಯಲ್ಲಿ ತಿಂಗಳು, ಮೊತ್ತ ಬರೆದಿದ್ದಾಳೆ. ದುಡ್ಡು ನಿಂತ ಮೇಲೂ ಸುಮಾರು ದಿನ ತಿಂಗಳ ಹೆಸರು ಮಾತ್ರ ಬರೆದು ಮುಂದೆ ಖಾಲಿ ಬಿಟ್ಟಿದ್ದಾಳೆ. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಅವ್ವ "ಹೋಗಲಿ ಬಿಡು, ನೀನು ದೊಡ್ಡವಳಾದೆಯಲ್ಲ" ಅನ್ನುತ್ತಾಳೆ. ನಾನು ದೊಡ್ಡವಳಾದೆ ಅಂತ ಆ ಬಾಕಿ ಮಾಫಿ ಆಗುತ್ತದಾ? ಯಾರು ಕೇಳಬೇಕು, ನಾನಾ ಅವ್ವನಾ? ಗೊತ್ತಿದ್ದವರು ಹೇಳಿ.

ಜಗತ್ ಸರ್ಕಲ್
ತಂಗಿ, 18 ಆದ ಮೇಲೆ ಏನೂ ಸಿಗುವುದಿಲ್ಲ. ಒಂದು ವರ್ಷದೊಳಗೆ ಕೇಳದಿದ್ದರೆ ಹಳೆ ಬಾಕಿ ಮುಗಿದಂತೆ. ನಮ್ಮ ಅತ್ತೆಯ ಕೇಸಿನಲ್ಲೂ ಹೀಗೇ ಆಯಿತು. ಸುಮ್ನೆ ಓದಿನ ಕಡೆ ಗಮನ ಕೊಡು.

ಶಹಾಪುರದವ
ಅದು ಹೇಗೆ ಮುಗಿಯುತ್ತದೆ ಅಣ್ಣಾ? ಬ್ಯಾಂಕಿನವರು ಹತ್ತು ವರ್ಷ ಹಳೆ ಬೆಳೆ ಸಾಲಕ್ಕೆ ನೋಟಿಸು ಕಳಿಸುತ್ತಾರೆ. ಹೆತ್ತ ಮಗಳ ಅನ್ನದ ದುಡ್ಡು ಮಾತ್ರ ಒಂದು ವರ್ಷಕ್ಕೆ ಮಾಫಿಯಾ?

ಕರಿಕೋಟು
ನಾನು ಇಲ್ಲಿನ ಕೋರ್ಟುಗಳಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಜಗತ್ ಸರ್ಕಲ್ ಅವರು ಹೇಳಿದ ಒಂದು ವರ್ಷದ ಮಾತು ಕಾನೂನಿನಲ್ಲಿ ಇದೆ. ಆದರೆ ಅದರ ಅರ್ಥ ಬೇರೆ. 125(3)ರ ಪ್ರಕಾರ ಬಾಕಿ ವಸೂಲಿಗೆ ವಾರಂಟು ಬೇಕು, ಕೊಡದಿದ್ದರೆ ಜೈಲಿಗೆ ಕಳಿಸಬೇಕು ಅಂದರೆ, ಆ ಕಂತು ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ವರ್ಷ ದಾಟಿದರೆ ಮುಚ್ಚುವುದು ಆ ವಾರಂಟಿನ ದಾರಿ ಮಾತ್ರ. ಹಣದ ಹಕ್ಕು ಹೋಗುವುದಿಲ್ಲ, ಸಿವಿಲ್ ದಾರಿ ತೆರೆದೇ ಇರುತ್ತದೆ. ಸುಪ್ರೀಂ ಕೋರ್ಟು 2013ರ ಪೂಂಗೋಡಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಈಗ ನಿಮ್ಮ ವಿಷಯ. ಎಲ್ಲರೂ ಮಗಳ ಬಾಕಿ ಬಗ್ಗೆಯೇ ಮಾತಾಡುತ್ತಿದ್ದಾರೆ. ನಿಮ್ಮ ತಾಯಿಯ 1,000 ರೂಪಾಯಿ ಇನ್ನೂ ಚಾಲ್ತಿಯಲ್ಲಿದೆ ಅಲ್ವಾ? ನಿಮಗೆ 18 ಆದ ತಕ್ಷಣ ಅವರ ಆದೇಶ ಸಾಯಲಿಲ್ಲ. ಡೈವರ್ಸ್ ಆಗಿಲ್ಲ, ಅವರು ಇವತ್ತಿಗೂ ಹೆಂಡತಿ. ಅಂದರೆ ಕಳೆದ 12 ತಿಂಗಳ ಅವರ ಬಾಕಿಗೆ ನಾಳೆಯೇ ವಾರಂಟಿನ ಅರ್ಜಿ ಹಾಕಬಹುದು. ಜೊತೆಗೆ ಮೊತ್ತ ಹೆಚ್ಚಿಸಿ ಅಂತ ಇನ್ನೊಂದು ಅರ್ಜಿ. 2009ರ ಸಾವಿರ ರೂಪಾಯಿ ಇವತ್ತು ಯಾವ ಮೂಲೆಗೆ ಸಾಲುತ್ತದೆ?

2024ರ ಜುಲೈ 1ರಿಂದ ಹಳೆ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 125 ಈಗ 144, ಮೊತ್ತ ಬದಲಿಸುವ 127 ಈಗ 146, ಜಾರಿಯ 128 ಈಗ 147. ನಂಬರು ಬದಲಾಯಿತು ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ.

ಜಗತ್ ಸರ್ಕಲ್
ಮೇಡಂ, ಕಾಗದದ ಮೇಲೆ ಎಲ್ಲಾ ಚೆನ್ನಾಗಿರುತ್ತದೆ. ತಾರೀಕಿನ ಮೇಲೆ ತಾರೀಕು ಬಿದ್ದು ಚಪ್ಪಲಿ ಸವೆದಾಗ ಗೊತ್ತಾಗುತ್ತದೆ. ಆ ಹುಡುಗಿ ಓದಬೇಕಾ, ಕೋರ್ಟು ಕಟ್ಟೆಯ ಮೇಲೆ ಕೂಡಬೇಕಾ?

ರೊಟ್ಟಿಮನೆ ಮಗಳು
ವಕೀಲ ಅಕ್ಕ, ತುಂಬಾ ಧನ್ಯವಾದ. ಅವ್ವನ ಪಾಲು ಇನ್ನೂ ನಡೆಯುತ್ತಿದೆ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಪಾಲಿನ ಬಾಕಿ ಏನಾಗುತ್ತದೆ?

ಕರಿಕೋಟು
ಇಲ್ಲಿ ದಯವಿಟ್ಟು ಅವಸರ ಮಾಡಿ. ಹಿಂದೂಗಳ ಜೀವನಾಂಶದ ಬಾಕಿಗೆ ದಾವೆ ಹೂಡಲು ಕಾಲಪರಿಮಿತಿ ಕಾಯ್ದೆಯ 105ನೇ ವಿಧಿ ಮೂರು ವರ್ಷ ಕೊಡುತ್ತದೆ. ಆದರೆ ಹಕ್ಕುದಾರರು ಅಪ್ರಾಪ್ತರಾಗಿದ್ದರೆ ಅದೇ ಕಾಯ್ದೆಯ 6ನೇ ಕಲಂ ಇದೆ. ಅವರ ಗಡಿಯಾರ ಶುರುವಾಗುವುದು 18 ತುಂಬಿದ ಮೇಲೆ. ನಿಮಗೆ 20. ಅಂದರೆ 21 ತುಂಬುವ ಮುಂಚೆ ದಾವೆ ಕೋರ್ಟಿನೊಳಗೆ ಇರಬೇಕು. ಆ ದಿನ ದಾಟಿದರೆ ನಾನು ಹೇಳಿದ ಈ ವಾದವೇ ನಿಲ್ಲುವುದಿಲ್ಲ.

ಎದುರು ವಕೀಲರು ಸುಮ್ಮನಿರುವುದಿಲ್ಲ. "ದುಡ್ಡು ಪಡೆಯುವ ಹಕ್ಕು ತಾಯಿಯದು, ಆಕೆ ಪ್ರಾಪ್ತಳು, ಆಕೆಯೇ ಕಾಲ ಕಳೆದಳು" ಅನ್ನುತ್ತಾರೆ. ಅದಕ್ಕೇ ತಾಯಿ, ಮಗಳು ಇಬ್ಬರ ಹೆಸರೂ ಇರಲಿ. ಆದೇಶದಲ್ಲಿ ನಿಮ್ಮ ಹೆಸರಿಗೆ ಬೇರೆಯಾಗಿ 1,500 ಅಂತ ಬರೆದಿರುವುದು ನಿಮಗೆ ಬಲ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ. 125ರಲ್ಲಿ ಮಕ್ಕಳಿಗೆ 18ರವರೆಗೆ ಮಾತ್ರ, ಅಂಗವೈಕಲ್ಯ ಅಥವಾ ಮಾನಸಿಕ ತೊಂದರೆ ಇದ್ದರೆ ಮುಂದೂ ಉಂಟು. ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20(3)ರಲ್ಲಿ, ಮದುವೆಯಾಗದ ಮಗಳು ತನ್ನ ಹೊಟ್ಟೆ ತಾನು ಹೊರೆಯಲಾರದ ಸ್ಥಿತಿಯಲ್ಲಿದ್ದರೆ ತಂದೆ ನೋಡಿಕೊಳ್ಳಲೇಬೇಕು. 2020ರ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿದಿದೆ. ನೀವು ಓದುತ್ತಿದ್ದೀರಿ, ಸಂಪಾದನೆ ಇಲ್ಲ. ಹಳೆ ಬಾಕಿ ಒಂದು ಕಡೆ ಇರಲಿ, ಇವತ್ತಿನ ಓದಿನ ಖರ್ಚನ್ನೂ ಹೊಸದಾಗಿ ಕೇಳಬಹುದು. ಆ ಕಾಯ್ದೆಯಲ್ಲಿ ಜೀವನಾಂಶ ಅಂದರೆ ಮದುವೆಯಾಗದ ಮಗಳ ಮದುವೆ ಖರ್ಚೂ ಸೇರುತ್ತದೆ.

ತೊಗರಿ ಕಣಜ
ಅಬ್ಬಾ, ಮದುವೆ ಖರ್ಚೂ? ಇದು ನಮ್ಮ ಊರಲ್ಲಿ ಗೊತ್ತಾದರೆ ಎಷ್ಟು ಹೆಣ್ಣುಮಕ್ಕಳು ಕೇಳುತ್ತಾರೋ. ಕೇಳಲೇಬೇಕು.

ಹುಮನಾಬಾದ್ ಹುಡುಗ
ಮಗಳಿಗೆ ಮದುವೆಯವರೆಗೆ, ಮಗನಿಗೆ? ನಮ್ಮಪ್ಪನೂ ನಾನು ಹತ್ತನೇ ತರಗತಿಯಲ್ಲಿದ್ದಾಗ ಕೈಯೆತ್ತಿದ. ಡಿಪ್ಲೊಮಾ ಬಿಟ್ಟು ಗ್ಯಾರೇಜಿಗೆ ಸೇರಿದೆ.

ಕರಿಕೋಟು
ತಮ್ಮಾ, ಆ ಕಾಯ್ದೆಯಲ್ಲಿ ಮಗನಿಗೆ ಅಪ್ರಾಪ್ತ ವಯಸ್ಸಿನವರೆಗೆ ಮಾತ್ರ. ಇದು ನ್ಯಾಯವಾ ಅಂತ ಕೇಳಿದರೆ ನನಗೂ ಅನ್ಯಾಯ ಅಂತಲೇ ಅನಿಸುತ್ತದೆ. 18ಕ್ಕೆ ಯಾವ ಹುಡುಗನ ಓದು ಮುಗಿದಿರುತ್ತದೆ? ಆದರೆ ನಿಮಗೂ ಕೋರ್ಟಿನ ಆದೇಶ ಇದ್ದು 21 ಆಗಿಲ್ಲ ಅಂದರೆ ಹಳೆ ಬಾಕಿಯ ಮಾತು ನಿಮಗೂ ಅನ್ವಯಿಸುತ್ತದೆ.

ನಿವೃತ್ತ ಮಾಸ್ತರ
ಮಗಳೇ, ನಾನು ಹಿರಿಯ ಅಂತ ಒಂದು ಮಾತು ಹೇಳುತ್ತೇನೆ. ಹೆತ್ತ ತಂದೆಯನ್ನು ಕೋರ್ಟಿಗೆ ಎಳೆಯುವುದು ಶೋಭೆ ಅಲ್ಲ. ಕೇಸು ಹಾಕಿದವಳು ಅಂತ ಹೆಸರಾದರೆ ನಾಳೆ ನಿನ್ನ ಸಂಬಂಧ ನೋಡುವಾಗ ಜನ ಏನಂತಾರೆ? ಊರ ಹಿರಿಯರನ್ನು ಕೂಡಿಸಿ, ಬಗೆಹರಿಸಿಕೊಳ್ಳಿ.

ಚಿಂಚೋಳಿ ಅಕ್ಕ
ಮಾಸ್ತರರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಅವಳ ಅಪ್ಪ ಇನ್ನೊಂದು ಸಂಸಾರ ಮಾಡುವಾಗ ಈ ಹಿರಿಯರು ಎಲ್ಲಿದ್ದರು? ಆ ತಾಯಿ ಹೊಟ್ಟೆ ಬಟ್ಟೆ ಕಟ್ಟಿ ಮಗಳನ್ನು ಓದಿಸುವಾಗ ಒಬ್ಬರಾದರೂ ಹೋಗಿ ದುಡ್ಡು ಕೊಡಪ್ಪಾ ಅಂದರಾ? ಕೋರ್ಟಿಗೆ ಎಳೆದದ್ದು ಅವಳಲ್ಲ. ಕೋರ್ಟು 2009ರಲ್ಲೇ ಹೇಳಿದ್ದನ್ನು ಅವನು ಮುರಿದ.

ನಮ್ಮ ಕಡೆ ಪಂಚಾಯ್ತಿ ಮಾಡಿ ಸೋಡಚೀಟಿ, ಅಂದರೆ ಗಂಡ ಹೆಂಡತಿ ಬೇರೆಯಾದ ಕಾಗದ, ಬರೆಸುವಾಗ ಒಂದಿಷ್ಟು ದುಡ್ಡು ಕೈಗಿಟ್ಟು "ಇನ್ನು ಮುಂದೆ ನನಗೂ ಮಗುವಿಗೂ ಏನೂ ಬೇಡ" ಅಂತ ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿಸುತ್ತಾರೆ. ನನ್ನ ತಂಗಿಗೂ ಹಾಗೇ ಮಾಡಿದರು. ಆ ಕೂಸಿಗೆ ಆಗ ಎಂಟು ತಿಂಗಳು.

ಕರಿಕೋಟು
ಚಿಂಚೋಳಿ ಅಕ್ಕ, ಆ ಬಾಂಡಿಗೆ ಹೆದರಬೇಡಿ. ಮಗುವಿನ ಹಕ್ಕನ್ನು ತಾಯಿ ಬರೆದುಕೊಡಲು ಬರುವುದಿಲ್ಲ. ಅಂಥ ಕರಾರನ್ನು ಕೋರ್ಟು ಒಪ್ಪುವುದಿಲ್ಲ. ತಂಗಿಯನ್ನು ಕರೆದುಕೊಂಡು ಹೋಗಿ ಮಗುವಿನ ಹೆಸರಲ್ಲಿ ಅರ್ಜಿ ಹಾಕಿಸಿ.

ಗುಳೆ ಹೋದವ
ಎಲ್ಲರೂ ಅಪ್ಪಂದಿರನ್ನೇ ಬೈಯುತ್ತಿದ್ದೀರಿ. ನಾನು ಪುಣೆಯಲ್ಲಿ ಗೌಂಡಿ ಕೆಲಸ ಮಾಡುತ್ತೇನೆ. ಜೇವರ್ಗಿ ಕಡೆಯವನು. ಪ್ರತಿ ತಿಂಗಳೂ ಕಳಿಸುತ್ತೇನೆ, ಕೆಲಸ ಇಲ್ಲದ ಮಳೆಗಾಲದಲ್ಲಿ ಸಾಲ ಮಾಡಿ ಕಳಿಸಿದ್ದೂ ಉಂಟು. ಆದರೆ ಮಗನ ಮುಖ ತೋರಿಸುವುದಿಲ್ಲ. ಜಾತ್ರೆಗೆ ಬಂದಾಗ ಮನೆ ಬಾಗಿಲು ತೆಗೆಯಲಿಲ್ಲ. ಮುಖ ತೋರಿಸದೆ ದುಡ್ಡು ಮಾತ್ರ ಕೇಳುವುದು ಯಾವ ನ್ಯಾಯ?

ಬೀದರ್ ಆಪಾ
ಭಯ್ಯಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ನೀವು ಕಳಿಸುವುದನ್ನು ನಿಲ್ಲಿಸಲಿಲ್ಲ ನೋಡಿ, ಅದು ದೊಡ್ಡದು. ಮಗನನ್ನು ನೋಡಲು ಕೋರ್ಟಿಗೆ ಬೇರೆ ಅರ್ಜಿ ಹಾಕಿ, ಖಂಡಿತ ಹಾಕಿ. ಮಗುವಿನ ಊಟ ಒಂದು ಮಾತು, ಮಗುವಿನ ಭೇಟಿ ಇನ್ನೊಂದು ಮಾತು. ಒಂದಕ್ಕೆ ಇನ್ನೊಂದನ್ನು ಗಂಟು ಹಾಕಿದರೆ ಸೊರಗುವುದು ಮಗುವೇ.

ಕರಿಕೋಟು
ಆಪಾ ಹೇಳಿದ್ದೇ ಕಾನೂನು ಕೂಡ. ದುಡಿಮೆ ಕಡಿಮೆಯಾದರೆ ಮೊತ್ತ ಇಳಿಸಿ ಅಂತ ತಂದೆಯೂ 146ರಲ್ಲಿ ಅರ್ಜಿ ಹಾಕಬಹುದು. ತಾನೇ ತೀರ್ಮಾನ ಮಾಡಿ ನಿಲ್ಲಿಸುವಂತಿಲ್ಲ.

ಬೀದರ್ ಆಪಾ
ನಮ್ಮವರಲ್ಲಿ ಸುಮಾರು ಜನ ಈ 125 ನಮಗಲ್ಲ ಅಂದುಕೊಂಡಿದ್ದಾರೆ. ನಮ್ಮ ಅಕ್ಕನ ಕೇಸು ನಡೆದಾಗ ವಕೀಲರು ತಿಳಿಸಿ ಹೇಳಿದರು. 1997ರ ನೂರ್ ಸಬಾ ಖಾತೂನ್ ತೀರ್ಪಿನಲ್ಲಿ ಮುಸ್ಲಿಂ ಮಕ್ಕಳಿಗೂ ತಂದೆಯಿಂದ ಜೀವನಾಂಶದ ಹಕ್ಕು ಉಂಟು ಅಂತ ಆಗಿದೆ. ತಲಾಖ್ ಆದ ಹೆಣ್ಣುಮಕ್ಕಳಿಗೂ ಉಂಟು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿತು. ಓದುವವರಲ್ಲಿ ಯಾರಿಗಾದರೂ ಬೇಕಾದೀತು ಅಂತ ಬರೆದೆ.

ಶಹಾಪುರದವ
ನಂದೊಂದು ಪ್ರಶ್ನೆ. ನಮ್ಮ ದೊಡ್ಡಮ್ಮನ ಕೇಸು ಯಾದಗಿರಿ ಬೇರೆ ಜಿಲ್ಲೆ ಆಗುವ ಮುಂಚಿನದು, ಕಲಬುರಗಿಯಲ್ಲಿ ನಡೆದಿತ್ತು. ಆದೇಶದ ಪ್ರತಿ ಕಳೆದಿದೆ. ಗಂಡ ಈಗ ಹೈದರಾಬಾದಿನಲ್ಲಿದ್ದಾನೆ. ಎಲ್ಲಿಗೆ ಹೋಗಬೇಕು?

ಕರಿಕೋಟು
ಆದೇಶ ಮಾಡಿದ ಕೋರ್ಟಿನ ನಕಲು ವಿಭಾಗದಲ್ಲಿ ಕೇಳಿ. ಕೇಸ್ ನಂಬರು ನೆನಪಿಲ್ಲದಿದ್ದರೆ ಹೆಸರು, ವರ್ಷ ಕೊಟ್ಟು ಹುಡುಕಿಸಬೇಕು. ಜೀವನಾಂಶದ ಆದೇಶದ ಪ್ರತಿಯನ್ನು ಹಕ್ಕುದಾರರಿಗೆ ದುಡ್ಡು ತೆಗೆದುಕೊಳ್ಳದೆ ಕೊಡಬೇಕು ಅಂತ 147ನೇ ಕಲಂ ಹೇಳುತ್ತದೆ. ಅದೇ ಕಲಂ ಪ್ರಕಾರ ಗಂಡ ಯಾವ ಊರಿನಲ್ಲಿದ್ದಾನೋ ಆ ಊರಿನ ಮ್ಯಾಜಿಸ್ಟ್ರೇಟರೂ ಆದೇಶ ಜಾರಿ ಮಾಡಬಹುದು.

ಭೀಮಾ ದಂಡೆ
ಈ ಗಂಡಸರು ಒಂದು ತಿಂಗಳು ಜೈಲಿಗೆ ಹೋಗಿ ಬಂದು ಬಾಕಿ ಚುಕ್ತಾ ಅಂತ ಓಡಾಡುತ್ತಾರೆ. ನಮ್ಮೂರಲ್ಲಿ ಒಬ್ಬ ಹಾಗೇ ಮಾಡಿದ.

ಕರಿಕೋಟು
ಚುಕ್ತಾ ಆಗುವುದಿಲ್ಲ. 1989ರ ಕುಲದೀಪ್ ಕೌರ್ ತೀರ್ಪು ಇದಕ್ಕೇ ಇದೆ. ಜೈಲು ಅನ್ನುವುದು ವಸೂಲಿಗೆ ಒತ್ತಡ ಹಾಕುವ ದಾರಿ. ಒಳಗೆ ಇದ್ದು ಬಂದರೂ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ.

ತೊಗರಿ ಕಣಜ
ತಂಗಿ, ಲೆಕ್ಕ ಹಾಕಿದ್ದೀಯಾ? ನಿನ್ನ 1,500 ಅಂದರೆ ವರ್ಷಕ್ಕೆ 18,000. ಹನ್ನೆರಡು ವರ್ಷ ಕೊಟ್ಟಿಲ್ಲ ಅಂದರೆ 2,16,000. ಅದರ ಮೇಲೆ ಅವ್ವನದು ಬೇರೆ. ನರ್ಸಿಂಗ್ ಫೀಸಿಗೆ ಇದು ಸಣ್ಣ ದುಡ್ಡಲ್ಲ. ನಿಮ್ಮಪ್ಪ ಸರ್ಕಾರಿ ನೌಕರ ಅಂತೀಯಾ, ಡೈವರ್ಸ್ ಇಲ್ಲದೆ ಎರಡನೇ ಮದುವೆ ಮಾಡಿಕೊಂಡಿದ್ದಾರೆ. ಇಲಾಖೆಗೆ ಒಂದು ದೂರು ಬರೆದು ಹಾಕು, ಕೆಲಸವೇ ಹೋಗುತ್ತದೆ. ಆಗ ಬುದ್ಧಿ ಬರುತ್ತದೆ.

ಸೇಡಂ ಸಿಮೆಂಟು
ಅದನ್ನು ಮಾತ್ರ ಮಾಡಬೇಡ ತಂಗಿ! ಕೆಲಸ ಹೋದರೆ ನಿನಗೆ ಸಿಗುವುದೇನು? ಸಂಬಳ ಇದ್ದರೆ ತಾನೇ ಸಂಬಳದಲ್ಲಿ ಕಡಿತ ಮಾಡಿಸುವುದು? ಕೋಪ ಬೇರೆ, ದುಡ್ಡು ಬೇರೆ.

ಕರಿಕೋಟು
ಸೇಡಂ ಅವರ ಮಾತು ಸರಿ. ನೌಕರರ ನಡತೆ ನಿಯಮದಲ್ಲಿ ಹೆಂಡತಿ ಇರುವಾಗ ಇನ್ನೊಂದು ಮದುವೆ ನಿಷಿದ್ಧ, ಅದು ನಿಜ. ಆದರೆ ನಮಗೆ ಈಗ ಬೇಕಾಗಿರುವುದು ಅವರ ಸಂಬಳ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ನೋಡಿ. ಜೀವನಾಂಶದ ಡಿಕ್ರಿ (ಸಿವಿಲ್ ಕೋರ್ಟಿನ ತೀರ್ಪಿನ ಆದೇಶ) ಆದರೆ ಸಂಬಳದ ಮೂರರಲ್ಲಿ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ಉಳಿದ ಎರಡು ಭಾಗದವರೆಗೂ ಜಪ್ತಿ ಮಾಡಬಹುದು, ಸಂಬಳ ಬಟವಾಡೆ ಮಾಡುವ ಅಧಿಕಾರಿಗೇ ಕೋರ್ಟಿನ ಆದೇಶ ಹೋಗುತ್ತದೆ. ಇನ್ನೆರಡು ವರ್ಷಕ್ಕೆ ನಿವೃತ್ತಿ ಅಂದಿರಿ. ಸರ್ಕಾರಿ ಪಿಂಚಣಿ, ಗ್ರಾಚ್ಯುಟಿಗೆ ಅದೇ 60ನೇ ಕಲಂ ಜಪ್ತಿಯಿಂದ ರಕ್ಷಣೆ ಕೊಡುತ್ತದೆ. ಹಾಗಾಗಿ ಸಂಬಳ ಇರುವಾಗಲೇ ಕೈ ಹಾಕಬೇಕು.

ಆಸ್ತಿ, ಸಂಬಳದ ವಿವರ ಮುಚ್ಚಿಡುತ್ತಾರೆ ಅಂತ ಚಿಂತೆ ಬೇಡ. 2020ರ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸುಗಳಲ್ಲಿ ಎರಡೂ ಕಡೆಯವರು ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಲೇಬೇಕು.

ಹುಮನಾಬಾದ್ ಹುಡುಗ
ಹೊಲದಲ್ಲಿ ಪಾಲು ಕೇಳಬಾರದಾ? ಪಹಣಿ ತೆಗೆಸಿ ನೋಡಲಿ.

ಶಹಾಪುರದವ
ಕೇಳಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ತೀರ್ಪು ಬಂದಾಗ ನಮ್ಮೂರ ಕಟ್ಟೆಯ ಮೇಲೆ ವಾರಗಟ್ಟಲೆ ಅದೇ ಮಾತು. ಅಣ್ಣ ತಮ್ಮಂದಿರ ನಿದ್ದೆ ಕೆಟ್ಟಿತ್ತು. ಆದರೆ ಅದು ಬೇರೆ ಕೇಸು, ವರ್ಷಗಟ್ಟಲೆ ಎಳೆಯುತ್ತದೆ. ಇದರ ಜೊತೆ ಬೆರೆಸಬಾರದು.

ಭೀಮಾ ದಂಡೆ
ಮೊದಲೆಲ್ಲ ಹೈಕೋರ್ಟಿಗೆ ಹೋಗಬೇಕೆಂದರೆ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯಬೇಕಿತ್ತು. ಬಡವರು ಅಲ್ಲಿಗೇ ಕೈಬಿಡುತ್ತಿದ್ದರು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಕಲಬುರಗಿಯಲ್ಲೇ ಮುಗಿಯುತ್ತದೆ. ಈಗಲೂ ಹೆದರಿ ಮನೆಯಲ್ಲಿ ಕೂತರೆ ಹೇಗೆ?

ನಿವೃತ್ತ ಮಾಸ್ತರ
ನನ್ನ ಮಾತು ಕೆಲವರಿಗೆ ನೋವು ಮಾಡಿರಬಹುದು. ಕೋರ್ಟು ಬೇಡವೇ ಬೇಡ ಅಂತ ಅಲ್ಲ. ಮೊದಲು ಒಂದು ನೋಟಿಸು ಕಳಿಸಿ, ಆತನಿಗೂ ಒಂದು ಅವಕಾಶ ಕೊಡಲಿ. ಇನ್ನೊಂದು ಮಾತು ಯಾರೂ ಎತ್ತಲಿಲ್ಲ. ನಾಳೆ ಅದೇ ತಂದೆ ಮುಪ್ಪಿನಲ್ಲಿ ಈಕೆಯ ಮೇಲೆ ಜೀವನಾಂಶದ ಕೇಸು ಹಾಕಬಹುದು. 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿ ಮುಂದೆ ನಡೆಯುತ್ತದೆ. ಮಗಳಿಗೂ ಅನ್ವಯಿಸುತ್ತದೆ.

ಚಿಂಚೋಳಿ ಅಕ್ಕ
ಇದನ್ನು ಕೇಳಿದರೆ ಮೈ ಉರಿಯುತ್ತದೆ. ಸಾಕದವನನ್ನು ಸಾಕಬೇಕಾ?

ಬೀದರ್ ಆಪಾ
ಅದಕ್ಕೇ ಈಗಲೇ ದಾಖಲೆ ಆಗಬೇಕು. ಈತ ಹನ್ನೆರಡು ವರ್ಷ ಕೋರ್ಟಿನ ಆದೇಶ ಮುರಿದ ಅಂತ ಬರಹದಲ್ಲಿ ಇದ್ದರೆ ನಾಳೆ ಈ ಹುಡುಗಿಗೆ ಹೇಳಿಕೊಳ್ಳಲು ಒಂದು ಆಧಾರ ಇರುತ್ತದೆ. ಬರೀ ಬಾಯಿ ಮಾತನ್ನು ಯಾರು ಕೇಳುತ್ತಾರೆ?

ರೊಟ್ಟಿಮನೆ ಮಗಳು
ಎಲ್ಲರ ಮಾತನ್ನೂ ಅವ್ವನಿಗೆ ಓದಿ ಹೇಳಿದೆ. ಮಾಸ್ತರರ ಮಾತಿಗೆ ತಲೆಯಾಡಿಸಿದಳು, ಚಿಂಚೋಳಿ ಅಕ್ಕನ ಮಾತಿಗೆ ಸುಮ್ಮನಾದಳು. ಕೊನೆಗೆ "ನಿನ್ನ ಫೀಸಿನ ಸಲುವಾಗಿ ಆದರೆ ಬರುತ್ತೇನೆ, ನನ್ನ ಸಲುವಾಗಿ ಬೇಡ" ಅಂದಳು. ನಾನು ಇಬ್ಬರ ಸಲುವಾಗಿಯೂ ಕೇಳುತ್ತೇನೆ ಅಂದಿದ್ದೇನೆ. ಇದು ದಾನ ಅಲ್ಲ, ಅವಳ ತೋಳಿನ ದುಡಿಮೆ. ಅಪ್ಪ ಕೊಡಬೇಕಿದ್ದುದನ್ನು ಅವಳು ರೊಟ್ಟಿ ಬಡಿದು ಕೊಟ್ಟಳು, ಅಷ್ಟೇ.

ವಕೀಲರ ಫೀಸಿನದೇ ಚಿಂತೆ. ಅದಕ್ಕೇನು ದಾರಿ?

ಸೇಡಂ ಸಿಮೆಂಟು
ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ನನ್ನ ತಂಗಿಗೆ ಅಲ್ಲಿಂದಲೇ ವಕೀಲರು ಸಿಕ್ಕರು, ಒಂದು ಪೈಸೆ ಖರ್ಚಿಲ್ಲ. ಆದಾಯ ಪ್ರಮಾಣಪತ್ರ ಬೇಕಾ ಅಂತ ಮಾತ್ರ ನೆನಪಿಲ್ಲ.

ಕರಿಕೋಟು
ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಹೋಗುವಾಗ ಆದೇಶದ ಪ್ರತಿ, ನಿಮ್ಮ ಹತ್ತನೇ ತರಗತಿ ಅಂಕಪಟ್ಟಿ, ಕಾಲೇಜಿನ ಫೀಸಿನ ರಸೀದಿ, ತಾಯಿಯ ಪಾಸ್‌ಬುಕ್ಕು ಇರಲಿ. ಆ ಮನಿ ಆರ್ಡರ್ ಚೀಟಿಗಳನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಮಾತ್ರ ಕೊಡಿ. ದುಡ್ಡು ಯಾವ ತಿಂಗಳು ನಿಂತಿತು ಅಂತ ತೋರಿಸಲು ಅವು ಬೇಕೇ ಬೇಕು.

ಶಹಾಪುರದವ
ಮೇಡಂ, ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಒಪ್ಪಬೇಕಾ?

ಕರಿಕೋಟು
ಮೊತ್ತ ಸರಿ ಅನಿಸಿದರೆ ಒಪ್ಪಿ. ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಕಂತಿನಲ್ಲಿ ಕೊಡುತ್ತೇನೆ ಅಂದರೆ ಪ್ರತಿ ಕಂತಿನ ತಾರೀಕು, ಒಂದು ತಪ್ಪಿದರೆ ಉಳಿದದ್ದೆಲ್ಲ ಒಮ್ಮೆಲೇ ಕೊಡಬೇಕು ಅನ್ನುವ ಮಾತು, ಎರಡನ್ನೂ ಬರೆಸಿಕೊಂಡೇ ಸಹಿ ಹಾಕಿ.